ಗುಡಾರದ ಲೆಕ್ಕಕ್ಕೂ ಮೊದಲು ನೆಲದ ಲೆಕ್ಕ

2014ರ ಮಳೆಗಾಲ. ದಕ್ಷಿಣ ಸುಡಾನಿನ ಬೆಂಟಿಯು ಪಟ್ಟಣದ ಬಳಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೆಲೆಯೊಳಗೆ, ಯುದ್ಧಕ್ಕೆ ಹೆದರಿ ಬಂದ ನಲವತ್ತು ಸಾವಿರ ಜನ ಇದ್ದರು. ನೀರು ಮೊಣಕಾಲುದ್ದ ನಿಂತಿತ್ತು. ಅದು ಬರೀ ಮಳೆನೀರಲ್ಲ, ಶೌಚಗುಂಡಿಗಳಿಂದ ಉಕ್ಕಿದ್ದೂ ಅದರಲ್ಲಿ ಬೆರೆತಿತ್ತು. ಕೆಲವರು ಕೂಸನ್ನು ತೋಳಿನಲ್ಲಿ ಎತ್ತಿಕೊಂಡು ನಿಂತೇ ನಿದ್ದೆ ಮಾಡುತ್ತಿದ್ದಾರೆ ಎಂದು ಅಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಎಂಎಸ್‌ಎಫ್ ವೈದ್ಯರ ಸಂಸ್ಥೆ ಆಗ ಹೇಳಿತ್ತು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡವರ ಕಥೆಯೂ ಇದೇ. ಕಾಲಿಡಲು ನೆಲವೇ ಇರಲಿಲ್ಲ.

ನೆಲೆ ತಪ್ಪಿದವರಿಗೆ ತುರ್ತು ಸೂರು ಎಷ್ಟು ಬೇಕು ಎಂದು ಅಳೆಯಲು ಹೋದವರು ಸಾಮಾನ್ಯವಾಗಿ ಮೊದಲು ಬರೆದುಕೊಳ್ಳುವುದು ಕುಟುಂಬ ಎಷ್ಟು, ಟಾರ್ಪಾಲಿನ್ ಎಷ್ಟು ಎಂಬ ಎರಡು ಅಂಕಿಗಳನ್ನು. ಹಣ ಕೊಡುವ ದೇಶಗಳಿಗೆ ಬೇಗ ಅರ್ಥವಾಗುವ ಲೆಕ್ಕ ಅದು. ಗೋದಾಮಿಗೂ ಅದೇ ಬೇಕು. ಆದರೆ ಬಂದೂಕು ಮತ್ತು ನೆರೆ ಒಂದೇ ಊರಿಗೆ ಒಟ್ಟಿಗೇ ಬಂದಾಗ ಗುಡಾರದ ಲೆಕ್ಕ ಎರಡನೆಯದಾಗಬೇಕು. ಒಣ ನೆಲ ಎಲ್ಲಿ ಉಳಿದಿದೆ, ಅದು ಯಾರದು, ಆ ಸುತ್ತ ಯಾರ ಬಂದೂಕು ಓಡಾಡುತ್ತದೆ, ಎಷ್ಟು ತಿಂಗಳು ಒಣಗಿಯೇ ಇರುತ್ತದೆ: ಮೊದಲು ತಿಳಿಯಬೇಕಾದದ್ದು ಇದು. ಈ ಪಾಠಕ್ಕೆ ದಕ್ಷಿಣ ಸುಡಾನಿಗಿಂತ ಸ್ಪಷ್ಟವಾದ, ದುಬಾರಿಯಾದ ಉದಾಹರಣೆ ನನಗೆ ಬೇರೆ ಕಾಣುವುದಿಲ್ಲ.

2011ರ ಜುಲೈ 9ರಂದು ಸ್ವತಂತ್ರವಾದ ಈ ದೇಶದಲ್ಲಿ 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಅವರು ಅದೇ ವರ್ಷ ಪದವಿಯಿಂದ ಇಳಿಸಿದ್ದ ಉಪಾಧ್ಯಕ್ಷ ರಿಯೆಕ್ ಮಚಾರ್ ಅವರ ಪಡೆಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ದೇಶದ ನಡುಮಧ್ಯದಲ್ಲಿ ಬಿಳಿ ನೈಲ್ ನದಿ ದಿಕ್ಕು ತಪ್ಪಿದಂತೆ ಹರಡಿಕೊಂಡು ದೊಡ್ಡ ಜೌಗು ಪ್ರದೇಶವಾಗುತ್ತದೆ; ಅದರ ಹೆಸರು ಸುಡ್, ಅರಬ್ಬಿಯಲ್ಲಿ ‘ತಡೆ’ ಎಂದರ್ಥ. ಯುದ್ಧದ ವರ್ಷಗಳಲ್ಲಿ ಆ ತಡೆಯೇ ಜನರನ್ನು ಕಾಯ್ದಿತು. ಯುನಿಟಿ ರಾಜ್ಯದ ಲೇರ್ ಸುತ್ತಮುತ್ತಲಿನ ಊರುಗಳು ಸುಟ್ಟಾಗ ಸಾವಿರಾರು ಜನ ಜೊಂಡು ಹುಲ್ಲಿನ ನಡುವಿನ ದ್ವೀಪಗಳಿಗೆ ದೋಣಿಯಲ್ಲೋ ಈಜಿಕೊಂಡೋ ಹೋಗಿ ಕೂತರು. ಸೈನಿಕರ ಗಾಡಿ ಅಲ್ಲಿಗೆ ಸುಲಭವಾಗಿ ಬರುವುದಿಲ್ಲ. ತಾವರೆ ಜಾತಿಯ ಗಿಡದ ಬೀಜ, ಗೆಡ್ಡೆ ಮತ್ತು ಮೀನು ತಿಂದು ತಿಂಗಳುಗಟ್ಟಲೆ ಉಳಿದರು.

ನೆರೆ ಬಂದಾಗ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಈಗ ಎತ್ತರದ ದಿಬ್ಬ ಬೇಕು. ಎತ್ತರದ ದಿಬ್ಬವೆಂದರೆ ಪಟ್ಟಣ, ರಸ್ತೆಯ ಏರಿ, ವಿಮಾನ ಇಳಿಯುವ ಪಟ್ಟಿ, ಸೇನೆಯ ಠಾಣೆ. ಯಾರಿಂದ ತಪ್ಪಿಸಿಕೊಂಡು ನೀರಿಗಿಳಿದಿದ್ದರೋ ಅವರ ಪಕ್ಕಕ್ಕೇ ಹೋಗಿ ಗುಡಿಸಲು ಹಾಕಬೇಕು. ಯುದ್ಧ ಜನರನ್ನು ತಗ್ಗಿಗೆ ದೂಡುತ್ತದೆ, ನೆರೆ ದಿಣ್ಣೆಗೆ ಎಳೆಯುತ್ತದೆ. ಸೂರಿನ ಅಗತ್ಯ ಅಳೆಯುವ ನಮೂನೆಗಳಲ್ಲಿ ‘ಸ್ಥಳ ಬಿಟ್ಟು ಬಂದ ಕಾರಣ’ ಎಂಬ ಕಾಲಂ ಇರುತ್ತದೆ. ಸಂಘರ್ಷ, ಪ್ರಕೃತಿ ವಿಕೋಪ. ಒಂದಕ್ಕೆ ಗುರುತು ಹಾಕಿ. ಎರಡು ಸಲ ಓಡಿದವರು ಯಾವುದಕ್ಕೆ ಗುರುತು ಹಾಕಬೇಕು? ಜಾಗತಿಕ ವ್ಯವಸ್ಥೆಯಲ್ಲೂ ಈ ಗೆರೆ ಇದೆ: ಸಂಘರ್ಷದಿಂದ ನೆಲೆ ತಪ್ಪಿದವರ ವಸತಿ ಸಮನ್ವಯಕ್ಕೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಮುಂದಾಳು, ಪ್ರಕೃತಿ ವಿಕೋಪವಾದರೆ ಬಹುಕಾಲ ರೆಡ್ ಕ್ರಾಸ್ ಒಕ್ಕೂಟ ಮುಂದಾಳಾಗಿತ್ತು. ದಕ್ಷಿಣ ಸುಡಾನಿನೊಳಗೆ ಆ ಹೊಣೆ ವಲಸೆ ಸಂಸ್ಥೆಯಾದ ಐಒಎಂ ಹೆಗಲಿಗೆ ಬಿದ್ದಿದೆ. ನೀರಿಗೆ ಈ ಹಂಚಿಕೆ ಗೊತ್ತಿಲ್ಲ.

ಈ ನೀರಿನ ಸ್ವಭಾವವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಂದಾಜು ತಪ್ಪುವುದು ಇಲ್ಲೇ. ನೆರೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮಳೆ ಸುರಿದು, ಹೊಳೆ ಉಕ್ಕಿ, ವಾರ ಹತ್ತು ದಿನದಲ್ಲಿ ಇಳಿಯುವ ಚಿತ್ರ. ಸುಡ್‌ನಲ್ಲಿ ಹಾಗಲ್ಲ. 2019ರಲ್ಲಿ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಅಸಾಧಾರಣವಾಗಿ ಬಿಸಿಯಾಗಿ ಪೂರ್ವ ಆಫ್ರಿಕದಲ್ಲಿ ವಿಪರೀತ ಮಳೆಯಾಯಿತು. 2020ರ ಮೇ ಹೊತ್ತಿಗೆ ವಿಕ್ಟೋರಿಯಾ ಸರೋವರದ ಮಟ್ಟ 1964ರ ದಾಖಲೆಯನ್ನೂ ಮೀರಿತು. ಆ ನೀರು ಉಗಾಂಡಾ ದಾಟಿ ಜೌಗಿಗೆ ಬಂದು ತಲುಪಲು ತಿಂಗಳುಗಳು ಬೇಕು. ಹಾಗಾಗಿ ಸ್ಥಳೀಯವಾಗಿ ಮಳೆ ನಿಂತ ಮೇಲೂ ನೀರು ಏರುತ್ತಲೇ ಇರಬಹುದು. ಇಳಿಯಲು ನೆಲಕ್ಕೆ ಇಳಿಜಾರೂ ಇಲ್ಲ. ಒದ್ದೆಯಾದರೆ ಅಂಟಾಗಿ ಉಬ್ಬಿ ಹನಿ ನೀರನ್ನೂ ಇಂಗಿಸದ ಎರೆಮಣ್ಣು ಅಲ್ಲಿನದು. ಹೆಚ್ಚಿನ ನೀರು ಬಿಸಿಲಿಗೆ ಆವಿಯಾಗಿಯೇ ಹೋಗಬೇಕು. 2019ರಿಂದ 2022ರವರೆಗೆ ನಾಲ್ಕು ವರ್ಷ ಒಂದರ ಹಿಂದೊಂದು ನೆರೆ ಬಂತು. ಹಿಂದಿನ ವರ್ಷದ ನೀರು ಆರುವ ಮೊದಲೇ ಹೊಸದು ಸೇರಿಕೊಂಡಿತು. 2021ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ತೊಂದರೆಗೊಳಗಾದರು. ಬೆಂಟಿಯು ಪಟ್ಟಣ ದ್ವೀಪವಾಯಿತು. ನೀರು ತಡೆಯಲು ಹಾಕಿದ ಮಣ್ಣಿನ ಒಡ್ಡಿನ ಹೊರಗಿನ ನೀರಿನ ಮಟ್ಟಕ್ಕಿಂತ ಒಡ್ಡಿನೊಳಗಿನ ಜನರ ನೆಲ ತಗ್ಗಿನಲ್ಲಿತ್ತು.

ಹೀಗಿರುವಾಗ ‘ತುರ್ತು’ ಎಂಬ ಮಾತಿಗೆ ಏನರ್ಥ? ಒಳ್ಳೆಯ ಗುಣಮಟ್ಟದ ಟಾರ್ಪಾಲಿನ್ ಆ ಬಿಸಿಲಿಗೆ ಒಂದೆರಡು ವರ್ಷ ತಡೆದರೆ ಹೆಚ್ಚು. ಕುಟುಂಬಕ್ಕೆಂದು ಕೊಡುವ ಬಟ್ಟೆಯ ಗುಡಾರದ ಆಯಸ್ಸೂ ಸುಮಾರು ಅಷ್ಟೇ. ನೀರು ನಿಂತದ್ದು ವರ್ಷಗಟ್ಟಲೆ. ಒಮ್ಮೆ ಹಂಚಿ ‘ಅಗತ್ಯ ಪೂರೈಸಲಾಗಿದೆ’ ಎಂದು ಬರೆದ ಕುಟುಂಬವೇ ಮುಂದಿನ ಮಳೆಗೆ ಮತ್ತೆ ಸೂರಿಲ್ಲದ ಕುಟುಂಬ. ವರದಿಯಲ್ಲಿ ಮಾತ್ರ ಅದರ ಹೆಸರು ಇರುವುದಿಲ್ಲ.

ಎಣಿಸುವ ಬಗೆಗೆ ಬರೋಣ. ಮಾನವೀಯ ನೆರವಿನ ಸಂಸ್ಥೆಗಳ ಸಾಮಾನ್ಯ ಪದ್ಧತಿಯಂತೆ ದೊಡ್ಡ ಅನಾಹುತವಾದ ಮೊದಲ 72 ಗಂಟೆಯೊಳಗೆ ಒರಟು ಅಂದಾಜು ಸಿದ್ಧವಾಗಬೇಕು, ಎರಡು ವಾರದೊಳಗೆ ಎಲ್ಲ ವಿಭಾಗದವರೂ ಕೂಡಿ ಮಾಡಿದ ಕ್ಷಿಪ್ರ ಸಮೀಕ್ಷೆ. ದಕ್ಷಿಣ ಸುಡಾನಿನಲ್ಲಿ ಮಳೆಗಾಲಕ್ಕೆ ದೇಶದ ಸುಮಾರು ಶೇ 60ರಷ್ಟು ಭಾಗಕ್ಕೆ ರಸ್ತೆಯಲ್ಲಿ ಹೋಗಲಾಗುವುದಿಲ್ಲ. ಹೆಲಿಕಾಪ್ಟರಿನಲ್ಲಿ ನಾಲ್ಕಾರು ಜನ ಇಳಿಯುತ್ತಾರೆ. ಊರ ಮುಖಂಡರನ್ನು, ಸ್ಥಳೀಯ ಅಧಿಕಾರಿಯನ್ನು, ಹೆಂಗಸರ ಒಂದು ಗುಂಪನ್ನು ಮಾತಾಡಿಸುತ್ತಾರೆ. ಸುತ್ತ ನಡೆದು ನೋಡುತ್ತಾರೆ. ಸಂಜೆಯೊಳಗೋ ಎರಡು ದಿನದೊಳಗೋ ಹಾರಬೇಕು. ಐಒಎಂ ನಡೆಸುವ ಡಿಟಿಎಂ ಎಂಬ ಎಣಿಕೆ ವ್ಯವಸ್ಥೆಯೂ ಬಹುಮಟ್ಟಿಗೆ ಊರಿನ ವಿಷಯ ಬಲ್ಲವರ ಮಾತನ್ನೇ ನೆಚ್ಚಿಕೊಂಡಿದೆ. ಮುಖಂಡ ಹೇಳುವ ಸಂಖ್ಯೆ ಸುಳ್ಳೆಂದಲ್ಲ. ಆದರೆ ಸಂಖ್ಯೆ ಹೇಳಿದಷ್ಟು ಚೀಲ ಬರುತ್ತದೆ ಎಂಬುದು ಅವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಇಬ್ಬರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ.

ಉಪಗ್ರಹ ಇದೆಯಲ್ಲ ಎನ್ನಬಹುದು. ಮೋಡದ ಆಚೆಗೂ ನೋಡಬಲ್ಲ ರೇಡಾರ್ ಚಿತ್ರಗಳು ನೆರೆಯ ಹರವನ್ನು ದಿನಗಳೊಳಗೆ ತೋರಿಸುತ್ತವೆ, ದೊಡ್ಡ ಉಪಕಾರವೇ. ಆದರೆ ಜೊಂಡು ಎದೆಯೆತ್ತರ ಬೆಳೆದ ಜೌಗಿನಲ್ಲಿ ಹುಲ್ಲಿನಡಿಯ ನೀರು ಎಷ್ಟೋ ಸಲ ರೇಡಾರಿನ ಕಣ್ಣಿಗೆ ನೀರಾಗಿ ಕಾಣುವುದೇ ಇಲ್ಲ. ನಕ್ಷೆಯಲ್ಲಿ ಒಣಗಿದೆ ಎಂದು ತೋರುವ ಜಾಗದಲ್ಲಿ ಜನ ಸೊಂಟದ ನೀರಿನಲ್ಲಿ ನಡೆಯುತ್ತಿರಬಹುದು.

ಇನ್ನೊಂದು ತೊಡಕು, ಕುಟುಂಬವೆಂಬುದೇ ಒಂದು ಕಡೆ ಇರುವುದಿಲ್ಲ. ಡಿಂಕಾ, ನುಯೆರ್ ಜನರಿಗೆ ದನಗಳೇ ಆಸ್ತಿ, ಮದುವೆಯ ತೆರ, ಬ್ಯಾಂಕು. ಗಂಡಸರು, ಹುಡುಗರು ದನ ಹೊಡೆದುಕೊಂಡು ದೂರದ ದಿಣ್ಣೆಗೆ ಹೋಗುತ್ತಾರೆ. ಹೆಂಗಸರು ಮಕ್ಕಳೊಂದಿಗೆ ಶಿಬಿರಕ್ಕೆ. ನಡೆಯಲಾಗದ ಮುದುಕರು ದ್ವೀಪದಲ್ಲೇ. ಒಂದು ಕುಟುಂಬಕ್ಕೆ ಮೂರು ಕಡೆ ಸೂರು ಬೇಕು. ನೋಂದಣಿ ಚೀಟಿಯಲ್ಲಿ ಅದು ಒಂದೇ ಕುಟುಂಬ, ಮೂರು ಕಡೆ ಹೆಸರು ಬರೆಸಿದರೆ ವಂಚನೆ. ಬೆರಳಚ್ಚಿನ ನೋಂದಣಿ ಎರಡೆರಡು ಸಲ ಪಡೆಯುವುದನ್ನು ತಡೆಯಿತು ನಿಜ, ದ್ವೀಪದ ಮುದುಕನನ್ನು ಅದು ಪಟ್ಟಿಗೆ ಸೇರಿಸಲಿಲ್ಲ. ನೆಂಟರ ಮನೆಗೆ ಹೋದವರ ಕಥೆಯೂ ಹೀಗೆಯೇ. ಶಾಲೆಯಲ್ಲಿ ಇನ್ನೂರು ಜನ ಮಲಗಿದರೆ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ಗುಡಿಸಲುಗಳಲ್ಲಿ ತಲಾ ಹತ್ತು ಜನ ಹೆಚ್ಚಾದರೆ ಬೀಳುವುದಿಲ್ಲ.

ಈಗ ಚದರ ಮೀಟರಿನ ಲೆಕ್ಕ. 1997ರಲ್ಲಿ ನೆರವು ಸಂಸ್ಥೆಗಳೂ ರೆಡ್ ಕ್ರಾಸ್ ಬಳಗವೂ ಸೇರಿ ಶುರುಮಾಡಿದ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಮಾಡಿನಡಿಯ ಜಾಗ ಬೇಕು, ಅಡುಗೆ ಸ್ನಾನದ ಜಾಗ ಬಿಟ್ಟು. ಐವರ ಕುಟುಂಬಕ್ಕೆ 17.5. ಯುಎನ್‌ಎಚ್‌ಸಿಆರ್ ಹಂಚುವ ಟಾರ್ಪಾಲಿನ್ 4×5 ಮೀಟರ್, ಅಂದರೆ 20 ಚದರ ಮೀಟರ್. ಸಾಕಲ್ಲವೇ ಎನ್ನಿಸುತ್ತದೆ. ಹಾಳೆಯನ್ನು ನೆಲಕ್ಕೆ ಹಾಸಿದರೆ ಸಾಕು. ನಡುವೆ ಗಳ ಕಟ್ಟಿ ಎರಡೂ ಕಡೆ 45 ಡಿಗ್ರಿ ಇಳಿಬಿಟ್ಟರೆ ಕೆಳಗೆ ಸಿಗುವುದು ಬರೀ 14 ಚದರ ಮೀಟರ್, ನಟ್ಟನಡುವಿನ ಎತ್ತರ 1.4 ಮೀಟರ್. ದೊಡ್ಡವರು ಬೆನ್ನು ನೆಟ್ಟಗೆ ಮಾಡಿ ನಿಲ್ಲಲಾಗದು, ಎರಡು ಬದಿ ಬಟಾಬಯಲು. ಎರಡು ಹಾಳೆ, ಗಳ, ಹಗ್ಗ ಎಲ್ಲ ಕೊಟ್ಟರಷ್ಟೇ ಮಾಡು ಎನ್ನಬಹುದಾದದ್ದು ಆಗುತ್ತದೆ. ಗಳ ಎಲ್ಲಿಂದ? ನೀರಿನ ನಡುವಿನ ಊರಿನಲ್ಲಿ ಮರವಿಲ್ಲ. ಇದ್ದರೆ ಒಡ್ಡಿನಾಚೆ, ಕಾವಲಿಲ್ಲದ ಕಡೆ. ಕಡಿಯಲು, ಸೌದೆ ತರಲು ಹೋಗುವವರು ಹೆಂಗಸರು. 2018ರ ನವೆಂಬರ್ ಕೊನೆಯಲ್ಲಿ ಹತ್ತೇ ದಿನಗಳಲ್ಲಿ, ಬೆಂಟಿಯು ಕಡೆಗೆ ನಡೆದು ಬರುತ್ತಿದ್ದ 125 ಮಹಿಳೆಯರು ಮತ್ತು ಬಾಲಕಿಯರು ದಾರಿಯಲ್ಲಿ ಲೈಂಗಿಕ ಹಿಂಸೆಗೆ ಒಳಗಾಗಿ ಎಂಎಸ್‌ಎಫ್ ಚಿಕಿತ್ಸೆಗೆ ಬಂದರು. ಕೀರ್ ಮತ್ತು ಮಚಾರ್ ನಡುವಿನ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಆಗ ಎರಡೇ ತಿಂಗಳು. ಆ ದಾರಿಗಳ ಸ್ಥಿತಿ ಇದಾಗಿದ್ದರೆ, ‘ಗಳಗಳನ್ನು ಸ್ಥಳೀಯವಾಗಿ ಹೊಂದಿಸಿಕೊಳ್ಳಬಹುದು’ ಎಂದು ವರದಿಯಲ್ಲಿ ಒಂದು ಸಾಲು ಬರೆಯುವವರು ಅದರ ಬೆಲೆಯನ್ನೂ ಪಕ್ಕದಲ್ಲೇ ಬರೆಯಬೇಕು.

ಅದೇ ಮಾನದಂಡ ಹೇಳುವ ಇನ್ನೊಂದು ಅಂಕಿಯ ಬಗ್ಗೆ ಮಾತು ಕಡಿಮೆ: ರಸ್ತೆ, ಬಸಿಗಾಲುವೆ, ಶೌಚಾಲಯ, ಬಯಲು ಎಲ್ಲ ಸೇರಿ ಶಿಬಿರದಲ್ಲಿ ತಲಾ 45 ಚದರ ಮೀಟರ್. ಒಂದು ಲಕ್ಷ ಜನರಿಗೆ 450 ಹೆಕ್ಟೇರ್, ಅಂದರೆ ಸುಮಾರು 1,100 ಎಕರೆ. ನೆರೆಯ ನಡುವೆ ಅಷ್ಟನ್ನೂ ಒಡ್ಡಿನೊಳಗೆ ಇಡಬೇಕು. ಶಿಬಿರ ಪೂರ್ತಿ ವೃತ್ತಾಕಾರವಾಗಿದ್ದರೂ ಒಡ್ಡಿನ ಸುತ್ತಳತೆ ಏಳೂವರೆ ಕಿ.ಮೀ. ಇಡೀ ನೆಲ ಎತ್ತರಿಸುವುದು ಬಿಡಿ, ಒಂದೊಂದು ಗುಡಿಸಲಿನ ತಳವನ್ನಷ್ಟೇ ಅರ್ಧ ಮೀಟರ್ ಏರಿಸಲು ಸುಮಾರು 9 ಘನ ಮೀಟರ್ ಮಣ್ಣು ಬೇಕು, ಹೆಚ್ಚುಕಡಿಮೆ ಒಂದು ಟಿಪ್ಪರ್. ಇಪ್ಪತ್ತು ಸಾವಿರ ಕುಟುಂಬಕ್ಕೆ ಇಪ್ಪತ್ತು ಸಾವಿರ ಟಿಪ್ಪರ್. ಡೀಸೆಲ್ ಎಷ್ಟು, ಯಂತ್ರ ಎಷ್ಟು, ಮಣ್ಣು ಎಲ್ಲಿಯದು? ಮಣ್ಣು ತೆಗೆದ ಗುಂಡಿಯಲ್ಲಿ ನೀರು ನಿಂತು ಸೊಳ್ಳೆ ಸಾಕುತ್ತದೆ, ಆಟಕ್ಕೆ ಹೋದ ಮಕ್ಕಳನ್ನು ನುಂಗುತ್ತದೆ. ಸೂರಿನ ಅಗತ್ಯದ ವರದಿಗಳಲ್ಲಿ ಟಾರ್ಪಾಲಿನ್ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಮಣ್ಣಿನ ಘನ ಮೀಟರು ಇನ್ಯಾವುದೋ ವಿಭಾಗದ ಕೊನೆಯ ಪುಟದಲ್ಲಿ.

2014ರ ಅನುಭವದ ನಂತರ ಬೆಂಟಿಯು ಶಿಬಿರವನ್ನು ಹಿಗ್ಗಿಸಿ, ಬಸಿಗಾಲುವೆ ತೋಡಿ, ನೆಲ ಏರಿಸಿ 2015ರಲ್ಲಿ ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಲಾಯಿತು. ಆ ವರ್ಷದ ಕೊನೆಗೆ ಒಳಗಿದ್ದವರು ಒಂದು ಲಕ್ಷ ದಾಟಿದ್ದರು. 2021ರ ನೆರೆಗೆ ಶಿಬಿರ ಮುಳುಗದೆ ಉಳಿದದ್ದರಲ್ಲಿ ಆ ಕೆಲಸದ ಪಾಲಿದೆ. ಶಾಂತಿಪಾಲನಾ ಪಡೆಯಲ್ಲಿದ್ದ ಪಾಕಿಸ್ತಾನಿ ಎಂಜಿನಿಯರ್ ತುಕಡಿ ಹಗಲೂ ರಾತ್ರಿ ಒಡ್ಡು ಏರಿಸಿದ್ದರ ಪಾಲೂ ಇದೆ. ಆದರೆ ಒಡ್ಡಿನೊಳಗೆ ಜನ ಒತ್ತೊತ್ತಾಗಿ, ಕೊಳಚೆ ಹೊರಹೋಗಲು ದಾರಿಯಿಲ್ಲದೆ, ಕಾಮಾಲೆ ತರುವ ಹೆಪಟೈಟಿಸ್ ಇ ಹರಡಿತು. 2022ರ ಮಾರ್ಚ್‌ನಲ್ಲಿ ಅಲ್ಲಿ ಹಾಕಿದ ಲಸಿಕೆ, ಆ ರೋಗ ಹಬ್ಬಿದಾಗ ತಡೆಗೆಂದು ಜಗತ್ತಿನಲ್ಲೇ ಮೊದಲ ಬಾರಿ ಬಳಸಿದ್ದು. ನೀರಿನಿಂದ ಕಾಪಾಡಿದ ಗೋಡೆಯೇ ರೋಗವನ್ನು ಒಳಗೆ ಕೂಡಿಹಾಕಿತ್ತು.

ನೆಲ ಯಾರದು ಎಂಬ ಪ್ರಶ್ನೆಗೆ ಬೆಂಟಿಯುವಿಗಿಂತ ಮಂಗಲಾ ಒಳ್ಳೆಯ ಪಾಠ. 2020ರಿಂದೀಚೆಗೆ ಜೊಂಗ್ಲೆ ರಾಜ್ಯದ ಬೋರ್ ಮತ್ತು ಟ್ವಿಚ್ ಈಸ್ಟ್ ಕಡೆಯ ಡಿಂಕಾ ಜನ ನೆರೆಗೆ ಊರು ಬಿಟ್ಟು, ನೈಲ್ ದಂಡೆಯಲ್ಲೇ ದಕ್ಷಿಣಕ್ಕೆ ಬಂದು ಜುಬಾ ಸಮೀಪದ ಮಂಗಲಾದಲ್ಲಿ ನೆಲೆಸಿದರು. ನೆಲ ಎತ್ತರವಾಗಿತ್ತು, ರಾಜಧಾನಿ ಹತ್ತಿರ. ವಸತಿ ತಜ್ಞರ ಪಟ್ಟಿ ಹಿಡಿದು ನೋಡಿದರೆ ಬಹುತೇಕ ಎಲ್ಲಕ್ಕೂ ಸರಿ. ಆದರೆ ಅದು ಬಾರಿ ಮತ್ತು ಮುಂಡಾರಿ ಸಮುದಾಯಗಳ ನೆಲ. 2009ರ ಭೂ ಕಾಯ್ದೆ ಸಮುದಾಯದ ಭೂಮಿ ಎಂಬುದನ್ನು ಪ್ರತ್ಯೇಕವಾಗಿಯೇ ಗುರುತಿಸುತ್ತದೆ. ಬಂದವರು ವರ್ಷ ಕಳೆದರೂ ಹೋಗದಿದ್ದಾಗ, ಶಾಲೆ, ಬೋರ್‌ವೆಲ್, ಗಟ್ಟಿ ಗುಡಿಸಲು ಬಂದಾಗ, ಆತಿಥ್ಯ ಅನುಮಾನಕ್ಕೆ ತಿರುಗುವುದು ಎಲ್ಲಿಯಾದರೂ ನಡೆಯುವ ಮಾತು. ಅತ್ತ ದನಗಳ ಕಥೆ ಇನ್ನೂ ಕಠಿಣ: ನೆರೆಗೆ ಹುಲ್ಲುಗಾವಲು ಕಳೆದುಕೊಂಡ ಬೋರ್ ದನಗಾಹಿಗಳು ಪೂರ್ವ ಇಕ್ವಟೋರಿಯಾದ ಮಗ್ವಿ ಕಡೆ ಇಳಿದರು; ಅಲ್ಲಿನ ರೈತರ ಹೊಲ ತುಳಿತಕ್ಕೆ ಸಿಕ್ಕಿತು, 2022ರಲ್ಲಿ ರಕ್ತ ಹರಿದು ಅಲ್ಲಿನ ರೈತರೇ ನೆಲೆ ಬಿಟ್ಟು ಓಡಿದರು. ಈ ಓಟದ ಕಾರಣದ ಕಾಲಂನಲ್ಲಿ ‘ಸಂಘರ್ಷ’ ಎಂದು ಗುರುತು ಬೀಳುತ್ತದೆ. ಶುರುವಾದದ್ದು ನೀರಿನಿಂದ.

ದನಕ್ಕೂ ದಿಣ್ಣೆ ಬೇಕು ಎಂಬುದು ಸೂರಿನ ಸಮೀಕ್ಷೆಗೆ ಹೊರಗಿನ ವಿಷಯ ಎಂದು ವಾದಿಸುವವರನ್ನು ಕಂಡರೆ ನನಗೆ ಅಚ್ಚರಿ. ದನಕ್ಕೆ ಜಾಗ ಸಿಗದ ಕಡೆ ಗಂಡಸು ಬರುವುದಿಲ್ಲ. ಗಂಡಸಿಲ್ಲದ ಗುಡಾರದ ಮಾಡು ಕಟ್ಟುವವರು, ಕಾಯುವವರು ಯಾರು ಎಂಬುದು ಸೂರಿನ ಪ್ರಶ್ನೆಯಲ್ಲದೆ ಮತ್ತೇನು?

ಶಿಬಿರದೊಳಗಿನ ವಿನ್ಯಾಸವೂ ಎಂಜಿನಿಯರನ ನಕ್ಷೆಯಷ್ಟೇ ಅಲ್ಲ. 2016ರ ಫೆಬ್ರವರಿ 17 ಮತ್ತು 18ರಂದು ದೇಶದ ಉತ್ತರದ ಮಲಕಲ್ ಪಟ್ಟಣದ ವಿಶ್ವಸಂಸ್ಥೆ ಆಶ್ರಯ ತಾಣದ ಮೇಲೆ ದಾಳಿ ನಡೆದಾಗ ಕನಿಷ್ಠ 25 ಜನ ಸತ್ತರು, ಶಿಬಿರದ ಮೂರನೇ ಒಂದರಷ್ಟು ಭಾಗ ಬೂದಿಯಾಯಿತು. ಸುಟ್ಟದ್ದು ಮುಖ್ಯವಾಗಿ ಶಿಲ್ಲುಕ್ ಮತ್ತು ನುಯೆರ್ ಜನರ ಸಾಲುಗಳು. 300 ಮೀಟರಿಗೊಂದು ಕಡೆ 30 ಮೀಟರ್ ಖಾಲಿ ಬಿಡಿ ಎಂದು ಮಾನದಂಡ ಹೇಳುವುದು ಒಲೆಯ ಕಿಡಿಯಿಂದ ಹತ್ತುವ ಬೆಂಕಿಯನ್ನು ನೆನೆದು. ಬೇಕೆಂದೇ ಹಚ್ಚುವವರ ಮುಂದೆ ಯಾರ ಸಾಲು ಯಾರ ಪಕ್ಕದಲ್ಲಿದೆ, ಬೇಲಿಯ ಕಿಂಡಿ ಎಲ್ಲಿದೆ ಎಂಬುದು ಮುಖ್ಯ. ಸಮೀಕ್ಷೆಗೆ ಹೋದವರು ಇದನ್ನು ಕೇಳಲೇಬೇಕು, ಕೇಳಿದ್ದನ್ನು ಎಲ್ಲರ ಕೈಗೆ ಸಿಗುವ ವರದಿಯಲ್ಲಿ ಬರೆಯಬಾರದು. ಯಾವ ಸಮುದಾಯ ಎಷ್ಟು ಮಂದಿ ಎಲ್ಲಿ ಮಲಗುತ್ತಾರೆ ಎಂಬ ಪಟ್ಟಿ ತಪ್ಪು ಕೈಗೆ ಸಿಕ್ಕರೆ ದಾಳಿಯ ನಕ್ಷೆ ಅದೇ.

ನೆಲೆ ತಪ್ಪಿದವರ ಹಕ್ಕುಗಳ ಬಗ್ಗೆ ಜಗತ್ತು ಇಂದು ಉಲ್ಲೇಖಿಸುವ ವಿಶ್ವಸಂಸ್ಥೆಯ 1998ರ ಮಾರ್ಗದರ್ಶಿ ತತ್ವಗಳು ರೂಪುಗೊಂಡದ್ದು ಫ್ರಾನ್ಸಿಸ್ ಡೆಂಗ್ ನೇತೃತ್ವದಲ್ಲಿ. ಅವರು ಹುಟ್ಟಿದ್ದು ಎರಡು ಸುಡಾನ್‌ಗಳ ನಡುವೆ ಇಂದಿಗೂ ತಕರಾರಿನಲ್ಲಿರುವ ಅಬ್ಯೆಯಲ್ಲಿ. ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ಬಲವಂತವಾಗಿ ವಾಪಸು ಕಳುಹಿಸಬಾರದು, ಆಡಳಿತ ಮೂಲಭೂತ ಸೂರು ಒದಗಿಸಬೇಕು ಎಂದು ಆ ತತ್ವಗಳು ಹೇಳುತ್ತವೆ. ಬೆಂಟಿಯು ಶಿಬಿರದ ಕಾವಲು ಹೊಣೆ 2021ರಲ್ಲಿ ಶಾಂತಿಪಾಲಕರಿಂದ ದೇಶದ ಪೊಲೀಸರಿಗೆ ಹೋಯಿತು. ಕಾಗದದಲ್ಲಿ ಅದು ಇನ್ನು ಸಾಮಾನ್ಯ ಶಿಬಿರ, ಜನ ಮನೆಗೆ ಮರಳಬಹುದಾದ ಕಾಲ. ಅದೇ ವರ್ಷ ಆ ಮನೆಗಳಿದ್ದ ಊರುಗಳು ನೀರಿನಡಿ ಹೋದವು.

ಆಮೇಲೆ ಒತ್ತಡ ಹೆಚ್ಚುತ್ತಲೇ ಬಂದಿದೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾದ ಮೇಲೆ ಗಡಿ ದಾಟಿ ಬಂದವರು, ಮರಳಿ ಬಂದ ದಕ್ಷಿಣ ಸುಡಾನಿಗರೂ ಸೇರಿ, 2025ರ ಆರಂಭದ ಹೊತ್ತಿಗೆ ಹತ್ತು ಲಕ್ಷ ದಾಟಿದರು. ಬಹುಪಾಲು ಜನ ಕಾಲಿಟ್ಟ ಗಡಿ ಪಟ್ಟಣ ರೆಂಕ್‌ನ ತಂಗುದಾಣ ಕೆಲವೇ ಸಾವಿರ ಜನರಿಗೆಂದು ಕಟ್ಟಿದ್ದು. 2024ರ ನೆರೆ ಸುಮಾರು 14 ಲಕ್ಷ ಜನರನ್ನು ತಟ್ಟಿತು, ಅಕ್ಟೋಬರ್‌ನಲ್ಲಿ ಕಾಲರಾ ಘೋಷಣೆಯಾಯಿತು. 2025ರ ಮಾರ್ಚ್‌ನಲ್ಲಿ ನಾಸಿರ್‌ನ ಸೇನಾ ನೆಲೆ ಸಶಸ್ತ್ರ ಗುಂಪಿನ ವಶವಾಗಿ, ಮಚಾರ್ ಗೃಹಬಂಧನಕ್ಕೊಳಗಾಗಿ, 2018ರ ಶಾಂತಿ ಒಪ್ಪಂದ ಅಲ್ಲಾಡತೊಡಗಿತು. ಅದೇ ವರ್ಷ ಈ ದೇಶಕ್ಕೆ ಅತಿ ಹೆಚ್ಚು ನೆರವು ಕೊಡುತ್ತಿದ್ದ ಅಮೆರಿಕ ಕೈ ಬಿಗಿ ಹಿಡಿಯಿತು. ಹಣದ ಕಾಲಕ್ಕೂ ನೆಲದ ಕಾಲಕ್ಕೂ ಮೊದಲೇ ಹೊಂದಿಕೆ ಇರಲಿಲ್ಲ: ಲಾರಿ ಓಡುವುದು, ಮಣ್ಣು ಅಗೆಯಲಾಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ದಾನಿಗಳ ಮನ ಕರಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೆರೆಯ ಚಿತ್ರ ನೋಡಿದ ಮೇಲೆ. ಆಗ ಟಾರ್ಪಾಲಿನ್ ವಿಮಾನದಲ್ಲಿ ಹೋಗಬೇಕು. ಒಡ್ಡು ವಿಮಾನದಲ್ಲಿ ಹೋಗುವುದಿಲ್ಲ.

ಜೊಂಗ್ಲೆ ರಾಜ್ಯದ ಓಲ್ಡ್ ಫಂಗಾಕ್‌ನಲ್ಲಿ ಇದೆಲ್ಲ ಒಟ್ಟಿಗೆ ಕಾಣಿಸುತ್ತದೆ. ಸುತ್ತ ಎಲ್ಲಿ ನೋಡಿದರೂ ನೀರು. ಮುಳುಗಿದ ಹಳ್ಳಿಗಳಿಂದ ಬಂದವರು, ಬಂದೂಕಿಗೆ ಹೆದರಿ ಬಂದವರು, ಮೂಲ ನಿವಾಸಿಗಳು ಎಲ್ಲ ಉಳಿದಷ್ಟು ಒಣ ನೆಲದ ಮೇಲಿದ್ದಾರೆ. 2025ರ ಮೇ 3ರ ಬೆಳಗ್ಗೆ ಅಲ್ಲಿನ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ಬಾಂಬ್ ಬಿತ್ತು, ಔಷಧಾಲಯ ಸುಟ್ಟುಹೋಯಿತು. ಊರನ್ನು ವರ್ಷಗಳಿಂದ ನೀರಿನಿಂದ ಕಾಯುತ್ತಿರುವುದು ಹೆಂಗಸರು, ಹುಡುಗರು ಬರಿಗೈಯಲ್ಲಿ ಹಸಿ ಜೇಡಿ ಎತ್ತಿ ಹಾಕಿದ ಒಡ್ಡು. ಇಂಥ ಊರುಗಳಲ್ಲಿ ಮಾಡಿಗೆಂದು ಕೊಟ್ಟ ಪ್ಲಾಸ್ಟಿಕ್ ಹಾಳೆಯನ್ನು ಒಡ್ಡು ಕರಗದಂತೆ ಅದರ ಮೈಗೆ ಹೊದಿಸುವುದುಂಟು. ಹಂಚಿಕೆಯ ನಂತರ ಪರಿಶೀಲನೆಗೆ ಬರುವವರ ನಮೂನೆಯಲ್ಲಿ ಅದಕ್ಕೆ ಇರುವ ಕಾಲಂ ‘ಸಾಮಗ್ರಿಯನ್ನು ಉದ್ದೇಶಿತ ಬಳಕೆಗೆ ಬಳಸಿಲ್ಲ’ ಎಂಬುದೊಂದೇ.